ಹೆಬ್ಬಾಳಕ್ಕೆ ಬಂದ ಹನ್ನೊಂದು ಜಠರ

ಮಲ್ಪೆಯಿಂದ ರಾತ್ರಿ ಬಸ್ಸಿನ ಹೊಟ್ಟೆಯಲ್ಲಿ
ಮಲ್ಲಿಗೆ ಬುಟ್ಟಿಗಳ ಪಕ್ಕ ಕೂತು ಬಂದವು
ಥರ್ಮಾಕೋಲ್ ಪೆಟ್ಟಿಗೆ ಎರಡು.
ಗೊರಗುಂಟೆಪಾಳ್ಯದಲ್ಲಿ ಕ್ಲೀನರ್ ಹುಡುಗ ಮೂಗು ಮುಚ್ಚಿ
‘ಏನ್ ಮೇಡಂ ಇದು’ ಅಂದ.
ಹೊಟ್ಟೆ, ಅಂದೆ. ಶಾರ್ಕಿನ ಹೊಟ್ಟೆ.
ನಕ್ಕ. ಇಪ್ಪತ್ತು ರೂಪಾಯಿ ಜಾಸ್ತಿ ಕೇಳಿದ.

ಕಡಲಿಂದ ನಾನೂರು ಕಿಲೋಮೀಟರು ದೂರ,
ಮೂರು ಸಾವಿರ ಅಡಿ ಮೇಲೆ,
ನಮ್ಮ ಕೋಣೆಯಿಂದೆದ್ದ ಉಪ್ಪು ವಾಸನೆಗೆ
ಕಿಟಕಿಯಾಚೆ ಹದ್ದುಗಳು ತಬ್ಬಿಬ್ಬು.
ಹನ್ನೊಂದು ಜಠರ. ನಾಲ್ಕರಲ್ಲಿ ಒಂದೇ ಬಗೆಯ ಗಾಯ:
ಒಳಪದರದ ಮಡಿಕೆಗಳ ಮೇಲೆ ಸಣ್ಣ ಸೀಳು,
ಉಗುರಿನಷ್ಟು, ಸಾಲಾಗಿ, ಕೊಂಚ ಬಾಗಿ,
ಕೆಲವು ಹಸಿ, ಕೆಲವು ಮಾಗಿ ಬೆಳ್ಳಗೆ.

ಗಾಳವಲ್ಲ; ಗಾಳ ಒಂದೇ ಕಡೆ ಕಚ್ಚಿ ಹರಿಯುತ್ತದೆ.
ತೊರಕೆಯ ಮುಳ್ಳಲ್ಲ; ಅದು ಚುಚ್ಚಿ ಆಚೆಗೆ ಹೋಗುತ್ತದೆ.
ಹುಳುವೂ ಅಲ್ಲ. ಸೂಕ್ಷ್ಮದರ್ಶಕಕ್ಕೆ ಮೂರು ದಿನ ಕಣ್ಣು ಒತ್ತಿದರೂ
ಒಂದು ಮೊಟ್ಟೆಯಿಲ್ಲ.
ವರದಿಯ ‘ಕಾರಣ’ದ ಮುಂದೆ ಗೆರೆಯೆಳೆದು
ಚಹಾ ಆರುವವರೆಗೂ ಕೂತೆ.

ಟೇಬಲ್ ತೊಳೆಯಲು ಬಂದ ಚಿಕ್ಕಹನುಮಯ್ಯ,
ಈ ಊರಿನ ಬೀದಿದನಗಳ ಒಡಲಿಂದ
ಇಪ್ಪತ್ತಾರು ವರ್ಷ ಪ್ಲಾಸ್ಟಿಕ್ ಎಳೆದ ಕೈ,
ಒಂದನ್ನೆತ್ತಿ ನಲ್ಲಿಯ ಕೆಳಗೆ ಹಿಡಿದು
ಸರಕ್ಕನೆ ಒಳಹೊರಗು ಮಗುಚಿದ,
ಭಾನುವಾರ ಮನೆಯಲ್ಲಿ ಬೋಟಿ ತೊಳೆಯುವ ಹಾಗೆ.
‘ಒಳಗಿಂದ ಆದದ್ದಲ್ಲ ಮೇಡಂ, ಹೊರಗಿಂದಲೂ ಅಲ್ಲ.
ಒಳಗು ಹೊರಗಿದ್ದಾಗ ಆಗಿರೋದು.’

ಓದಿದ್ದೆ. ಹೌದು, ಎಲ್ಲೋ ಓದಿದ್ದೆ:
ಒಗ್ಗದ್ದು ನುಂಗಿದಾಗ ಶಾರ್ಕು
ಹೊಟ್ಟೆಯನ್ನೇ ಬಾಯಿಂದ ಹೊರಗೆ ಚೆಲ್ಲಿ
ಕಡಲಲ್ಲಿ ಜಾಲಿಸಿ ಒಳಗೆಳೆದುಕೊಳ್ಳುತ್ತದೆ.
ಎರಡು ಕ್ಷಣ, ಅಷ್ಟೆ.
ಆ ಎರಡು ಕ್ಷಣದಲ್ಲಿ, ಯಾರು?

ಪೆಟ್ಟಿಗೆಯ ತಳದಲ್ಲಿ ದವಡೆಯೂ ಒಂದಿತ್ತು.
ಗಾಯದ ಬಾಗಿನ ಮೇಲೆ ಹೊಲಿಗೆ ದಾರ ಇಟ್ಟು
ಸೀಳಿಗೊಂದು ಗಂಟು ಹಾಕಿ
ಹಲ್ಲಿನ ಸಾಲಿಗೆ ಹಿಡಿದೆ.
ಕೂತಿತು.
ತನ್ನದೇ ಹಲ್ಲು.
ಒಳಗೆಳೆದುಕೊಳ್ಳುವಾಗ ಏನೋ ಅವಸರ.

‘ಪಾಪ’ ಅಂದ ಚಿಕ್ಕಹನುಮಯ್ಯ,
ದನಗಳಿಗೆ ಎಂದೂ ಅಂದದ್ದು ಕೇಳಿರಲಿಲ್ಲ.

ಆದರೆ ಒಂದು ದವಡೆ ಸಾಕ್ಷಿಯಾಗುವುದಿಲ್ಲ.
ಗೆರೆಯ ಮೇಲೆ ‘ಇರಬಹುದು’ ಎಂದು ಬರೆದು
ಮಲ್ಪೆಗೆ ಫೋನು ಮಾಡಿದೆ: ಉಳಿದ ಮೂರರ ತಲೆ ಬೇಕು.
ಅವಸರ ಯಾತಕ್ಕೆಂದೂ ಕೇಳಬೇಕಿತ್ತು, ಕಂಡವರನ್ನು.
ಆ ಕಡೆ ಬೋಟಿನ ಇಂಜಿನ್ನು, ಗಾಳಿ,
ಎರಡರ ನಡುವೆ ಪುರಂದರ ಮೊಗವೀರರ ಕೂಗು:
‘ತಲೆ ಎಲ್ಲ ಮಾರಿ ಆಯ್ತು ಮೇಡಂ,
ಹೊಟ್ಟೆ ಬೇಕಾದ್ರೆ ಇನ್ನೂ ಉಂಟು.’