ಶಾಮಿಯಾನ

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ
ಹಿಂದಿನ ಸಾಲಿನ ಕೊನೇ ಶೆಡ್ಡು ನನ್ನದು.
ಗೂಡ್ಸ್ ಗಾಡಿಗೆ ಬಾಡಿ ಕಟ್ಟುವ ಕಸುಬು.
ಅಪ್ಪ ಮನೆ ಕಟ್ಟುತ್ತಿದ್ದ ಆಚಾರಿ,
ಆಯ ನೋಡದೆ ಅಳತೆಕೋಲು ಮುಟ್ಟಿದವನಲ್ಲ.
ನಾನು ಟೇಪಿನವನು.
ಟೇಪಿಗೆ ಆಯವಿಲ್ಲ, ತುಕ್ಕಿದೆ.

ಫ್ಲೋರಿನ್ ಸಿಸ್ಟರ್ ಬಂದದ್ದು ರಿಟೈರಾದ ಮರುವಾರ,
ಹಳೇ ಜೀಪಿನ ಹಿಂದೆ ಟ್ರೈಲರೊಂದನ್ನು ಎಳೆದುಕೊಂಡು.
ದೊಡ್ಡಾಸ್ಪತ್ರೆಯಲ್ಲಿ ಮೂವತ್ನಾಲ್ಕು ವರ್ಷ.
"ಕ್ವಾರ್ಟರ್ಸ್ ಖಾಲಿ ಮಾಡಿ ಅಂದ್ರು, ಮಾಡಿದೆ.
ಈಗ ನೀನೊಂದು ಕ್ವಾರ್ಟರ್ಸ್ ಮಾಡಿಕೊಡು,
ಯಾರೂ ಖಾಲಿ ಮಾಡಿಸಲಾಗದ್ದು."

ಹತ್ತಡಿ ಉದ್ದ, ಐದೂವರೆ ಅಗಲ,
ನಿಂತರೆ ತಲೆ ಮೇಲೆ ನಾಲ್ಕು ಬೆರಳು ಜಾಗ.
ಬಗಲಿಗೆ ಹಳದಿ ಪೇಂಟಿನಲ್ಲಿ ಮೊಳದುದ್ದದ ಅಕ್ಷರ:
ಶಾಮಿಯಾನ.
ಕೆಳಗೆ ಅರ್ಧ ಅಳಿಸಿದ ಫೋನ್ ನಂಬರು.
ಬಾಗಿಲು ತೆಗೆದರೆ ಎಷ್ಟೋ ಮದುವೆಗಳ ಸಾರಿನ ವಾಸನೆ,
ಮೂಲೆಯಲ್ಲಿ ಒಂದು ಸೌಟು, ಯಾರದೋ ಬಾಸಿಂಗದ ಜರಿ.

ಎರಡು ದಿನ ತೊಳೆದೆವು.
ಸೋಡಾಪುಡಿ, ಹುಣಸೆಹುಳಿ, ಆಮೇಲೆ ಡೆಟಾಲು.
ಡೆಟಾಲಿಗೆ ಸಿಸ್ಟರ್ ಮುಖ ತಿರುಗಿಸಿದರು.
"ಬೇಡ. ಸಾರೇ ಇರಲಿ."

ನಮ್ಮ ಕಡೆ ಥಂಡಿಗೆ ತಗಡು ರಾತ್ರಿ ಬೆವರುತ್ತದೆ.
ಥರ್ಮಾಕೋಲು ತುಂಬಿ ಮೇಲೆ ಪ್ಲೈವುಡ್ ಹೊಡೆದೆ.
ಗೋಡೆಗೆ ಮಡಚುವ ಮೇಜು, ಮಂಚದಡಿ ನೀರಿನ ಟ್ಯಾಂಕು.
ಬಾಗಿಲು ಯಾವ ದಿಕ್ಕಿಗೆ ಮೇಡಂ?
ಕೇಳಿದ್ದು ನಾನಲ್ಲ, ನನ್ನ ಬಾಯಲ್ಲಿ ಅಪ್ಪ.
"ಎಡಕ್ಕೆ."
ಎಡ ಅನ್ನುವುದು ದಿಕ್ಕಲ್ಲವಲ್ಲ.
"ತಿರುವು ಬರಲಿ, ತಾನೇ ಪೂರ್ವ ಆಗುತ್ತೆ."

ಆಗುಂಬೆ ಘಾಟಿಯ ತಿರುವುಗಳನ್ನು
ಮಲಗಿದಾಗ ಬೆರಳಲ್ಲಿ ಎಣಿಸಿದೆ.
ಇಷ್ಟು ಸಲ ಮುಖ ಬದಲಿಸುವ ಬಾಗಿಲಿಗೆ
ಯಾವ ಆಯ ಕೂಡಿಸುತ್ತಿದ್ದನೋ ಮುದುಕ.
ಬೆಳಿಗ್ಗೆ ಹಲಸಿನ ತುಂಡೊಂದು ಹುಡುಕಿ
ಹೊಸ್ತಿಲು ಇಟ್ಟೆ.
ಬಿಲ್ಲಿನಲ್ಲಿ ಬರೆಯಲಿಲ್ಲ.

ಆರ್‌ಟಿಓ ಏಜೆಂಟ್ ಫಾರಂ ಬಿಡಿಸಿ ಕೇಳಿದ,
"ಒಳಗೆ ಸರಕೋ, ಜನವೋ?"
"ಯಾವತ್ತಾದರೂ ಸ್ಟ್ರೆಚರ್ ತಳ್ಳಿದ್ದೀಯೇನಪ್ಪಾ?"
ಅವನು ಪೆನ್ನಿಗೆ ಕ್ಯಾಪು ಹಾಕಿ ಟೀಗೆ ಹೋದ.

ಕಿಟಕಿಗೆ ನಾನು ಗುರುತು ಹಾಕಿದ್ದು
ಎಲ್ಲರ ಮನೆಯ ಹಾಗೆ, ನಿಂತವರ ಎದೆಮಟ್ಟಕ್ಕೆ.
ಸಿಸ್ಟರ್ ಚಪ್ಪಲಿ ಬಿಟ್ಟು ಒಳಗೆ ಹೋಗಿ
ಬರಿ ಹಲಗೆಯ ಮೇಲೆ ಮಲಗಿ
ಬಳಪ ಕೇಳಿದರು.
ಮಲಗಿದಲ್ಲೇ ಕೈಚಾಚಿ, ಕಣ್ಣಿನ ನೇರಕ್ಕೆ
ಗೆರೆ ಎಳೆದರು.

"ವಾರ್ಡಿನ ಕಿಟಕಿಗಳೆಲ್ಲ ಇದ್ದದ್ದು ನಮಗೆ,
ನಿಂತು ಓಡಾಡುವವರಿಗೆ.
ಹೊರಗೇನಿದೆ ಸಿಸ್ಟರ್, ಅಂತ ಕೇಳೋರು.
ಗುಲ್‌ಮೊಹರು, ಎರಡು ಕಾಗೆ, ಎಳನೀರಿನ ಗಾಡಿ,
ದಿನಾ ಅದನ್ನೇ ಎಷ್ಟಂತ ಹೇಳೋದು.
ಇಪ್ಪತ್ತೆರಡನೇ ಬೆಡ್ಡಿನವನಿಗೆ
ಕಡೇ ವಾರ ಪೂರ್ತಿ ಸುಳ್ಳು ಹೇಳಿದೆ."
ಏನಂತ ಸುಳ್ಳು, ಕೇಳಬೇಕೆಂದಿದ್ದೆ.
ಜಬೀವುಲ್ಲ ಗ್ರೈಂಡರ್ ಆನ್ ಮಾಡಿಬಿಟ್ಟ.

ಮೂರಡಿ ತಗಡು ಕಿಡಿಯ ನಡುವೆ ಕಳಚಿ ಬಿತ್ತು,
"ಶಾಮಿ" ಅಷ್ಟೂ ಅದರ ಜೊತೆಗೆ.
ಗಾಡಿಯ ಮೇಲೆ ಉಳಿದದ್ದು
ಯಾನ.
ಪೇಂಟ್ ಹೊಡೆದು ಅಳಿಸಲೇ, ಅಂದೆ.
ಅವರು ದೂರ ನಿಂತು ಓದಿದರು,
ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು.
"ಪೇಂಟಿನ ದುಡ್ಡು ಉಳೀತು," ಅಂದರು.

ಹೊರಟ ದಿನ ಎಲ್ಲಿಗೆ ಅಂತ ಹೇಳಲಿಲ್ಲ.
ಇಂಡಿಕೇಟರ್ ವೈರು ನಾನೇ ಅದಲುಬದಲು ಕೊಟ್ಟಿದ್ದೆ;
ಗೇಟು ದಾಟಿ ಗಾಡಿ ಎಡಕ್ಕೆ ತಿರುಗಿತು,
ಬಲಗಡೆ ದೀಪ ಮಿಣುಕಿತು.
ಓಡಿದೆ, ಕೂಗಿದೆ. ಕೇಳಿಸಲಿಲ್ಲ.
ಹಿಂದಿದ್ದ ಲಾರಿಯವನು ಬೈದದ್ದು ಮಾತ್ರ ನನಗೆ ಕೇಳಿಸಿತು.

ಕತ್ತರಿಸಿದ ತುಂಡು ಈಗ
ನಮ್ಮ ನೀರಿನ ಡ್ರಮ್ಮಿಗೆ ಮುಚ್ಚಳ.
ಕೈ ತೊಳೆಯಲು ಹೋದ ಗಿರಾಕಿಗಳು
ಮುಚ್ಚಳ ಎತ್ತುತ್ತಾ ಕೇಳುತ್ತಾರೆ,
ಶಾಮಿ ಯಾರು?