ಅಳೆದೂ ಸುರಿದೂ

ನಮ್ಮ ನರೀನಿನಲ್ಲಿ ಗಾಡಿ ಎಷ್ಟು ಕೊಡುತ್ತದೆಂದು
ಯಾರೂ ಕೇಳುವುದಿಲ್ಲ.
ಎಷ್ಟು ಕುಡಿಯುತ್ತದೆ, ನೂರಕ್ಕೆ? ಅನ್ನುತ್ತಾರೆ
ದನಿ ತಗ್ಗಿಸಿ,
ಹೆಣ್ಣು ನೋಡಲು ಬಂದ ಗಂಡಿನ ಬಗ್ಗೆ
ವಿಚಾರಿಸುವ ಹಾಗೆ.

ಒಂದೇ ಗಾಡಿ, ಇಬ್ಬರು ನಾವು.
ಸೋಮ ಬುಧ ಶುಕ್ರ ನಾನು,
ಉಳಿದ ದಿನ ಮೈದುನ ಕೆಂಜೆಬೆಕ್.
ಡೋಲೋನ್ ಘಾಟಿಯ ನೆತ್ತಿ ಹತ್ತಿ ಇಳಿದು ಕೊಚ್ಕೋರಿಗೆ,
ತಲೆಗಿಷ್ಟು ಎಂದು ನಾಲ್ಕು ಜನ,
ಕೆಲವೊಮ್ಮೆ ಐದನೆಯದಾಗಿ ಒಂದು ಕುರಿ.
ತಿಂಗಳ ಕೊನೆಗೆ ಪೆಟ್ರೋಲಿನ ಲೆಕ್ಕಕ್ಕೆ ಕೂತರೆ
'ನಿನ್ನ ಕಾಲು ಭಾರ, ಬುರುಲ್ ಅತ್ತಿಗೆ' ಅನ್ನುತ್ತಾನೆ.
ಯಾರಿಗೆ? ಹದಿನೇಳು ವರ್ಷ ಶಾಲೆಯ ಪ್ರಯೋಗಾಲಯದಲ್ಲಿ
ಗಾಜಿನ ಕೊಳವೆಯ ಗೆರೆಗೆ ಕಣ್ಣು ಮಟ್ಟ ಮಾಡಿ
ನೀರಿನ ತಗ್ಗು ಓದಿದವಳಿಗೆ.

ಡ್ಯಾಶ್‌ಬೋರ್ಡಿನ ಪರದೆ ಐದು ಮುಕ್ಕಾಲು ಅನ್ನುತ್ತದೆ.
ಅದು ಸಂಬಂಧ ಕುದುರಿಸುವವರ ಜಾತಿ,
ಕೆಟ್ಟದ್ದನ್ನು ಆಡುವುದಿಲ್ಲ.

ಹಾಗಲ್ಲ, ಅಂದೆ. ಕಂಠಪೂರ್ತಿ ತುಂಬಿಸು,
ಓಡಿಸು, ಅದೇ ಕಂಠಕ್ಕೆ ಮತ್ತೆ ತುಂಬಿಸು.
ಎರಡನೆಯ ಸಲ ಹೋದದ್ದಷ್ಟೇ ನಿಜ.
ಆದರೆ ಅದೇ ಬಂಕು, ಅದೇ ಮೂರನೆಯ ಪಂಪು,
ಅದೇ ಎಣ್ಣೆಕಲೆಯ ಮೇಲೆ ಮುಂದಿನ ಎಡಚಕ್ರ;
ನೆಲ ಒಂದು ಬೆರಳು ವಾಲಿದರೂ
ಟ್ಯಾಂಕಿನ ಮೂಲೆಯಲ್ಲಿ ಗಾಳಿ ಅಡಗಿ ಕೂರುತ್ತದೆ
ಸಾಲ ಕೊಟ್ಟವನನ್ನು ಕಂಡವನಂತೆ.
ನಳಿಕೆ ಟಕ್ ಅಂದರೆ ನಿಲ್ಲಿಸು.
ಮೊದಲ ಟಕ್.
ಹೋದರೆ ಸಾಲದು, ಬರಲೂ ಬೇಕು:
ಕೊಚ್ಕೋರ್ ನಮಗಿಂತ ಇನ್ನೂರು ಮೀಟರು ಕೆಳಗೆ,
ಇಳಿಜಾರಿನ ಪುಣ್ಯವನ್ನು ಯಾರೂ
ತನ್ನ ಹೆಸರಿಗೆ ಬರೆದುಕೊಳ್ಳಬಾರದು.

ಇನ್ನು ದೂರ.
ಕಿಲೋಮೀಟರ್ ಕಂಬ ಎಣಿಸುತ್ತ ಹೋದೆ, ಐವತ್ತಾಯಿತು.
ಗಾಡಿಯ ಮೀಟರು ನಲವತ್ತೆಂಟು ಅಂದಿತು.
ಕಳೆದ ಚಳಿಗಾಲ ಕೆಂಜೆಬೆಕ್ ಅಗ್ಗಕ್ಕೆ ತಂದ ದೊಡ್ಡ ಟೈರು,
ಸುತ್ತಿಗೆ ನಾಲ್ಕು ಬೆರಳು ಹೆಚ್ಚು ನೆಲ ನುಂಗಿ
ಬಾಯಿ ಒರೆಸಿಕೊಳ್ಳುತ್ತಿತ್ತು.
ವರ್ಷವಿಡೀ ನಾವು ಬೈದುಕೊಂಡದ್ದರಲ್ಲಿ
ನೂರಕ್ಕೆ ನಾಲ್ಕು ಪಾಲು
ಟೈರಿನದು.

ಮಂಗಳವಾರ ಅವನು, ಬುಧವಾರ ನಾನು.
ಚಕ್ರಕ್ಕೆ ಒಂದೇ ಗಾಳಿ, ಹಿಂದೆ ಅವೇ ಎರಡು ಮೂಟೆ ಆಲೂಗೆಡ್ಡೆ,
ಓಡಿಸದವರು ಪಕ್ಕದಲ್ಲಿ,
ಕಿಟಕಿ ಮುಚ್ಚಿ, ಮಾತೂ ಮುಚ್ಚಿ.
ಆಗ ನೋಡಿದೆ:
ತಿರುವು ಬರುವ ಎಷ್ಟೋ ಮೊದಲೇ
ಅವನು ಪೆಡಲಿನಿಂದ ಕಾಲು ತೆಗೆಯುತ್ತಾನೆ,
ನಿದ್ದೆಹೋದ ಮಗುವಿನ ತಲೆಯಡಿಯಿಂದ
ಕೈ ಎಳೆದುಕೊಂಡ ಹಾಗೆ.
ಆರು ವರ್ಷ ಒಂದೇ ಸೀಟಿನಲ್ಲಿ ಕೂತಿದ್ದೇವೆ, ಬೇರೆ ಬೇರೆ ದಿನ.
ನನಗೆ ಗೊತ್ತಿರಲಿಲ್ಲ.
ಮರುದಿನ ನನ್ನ ಕಾಲನ್ನು ಅವನೂ ನೋಡಿರಬೇಕು.
ಏನೂ ಅನ್ನಲಿಲ್ಲ.

ತಿದ್ದಿದ ದೂರ ಇನ್ನೂರೈವತ್ತು.
ಅವನದು ಹದಿನೈದು ಲೀಟರು ಒಂಬೈನೂರು.
ನನ್ನದು ಹದಿನಾರು ಮುನ್ನೂರು.
ಅವನು ನಗಲು ಬಾಯಿ ತೆರೆದ.

ತಾಳು, ಅಂದೆ.
ಗಾಡಿಯ ಹಿಂಬದಿ ಹಿಡಿದು ಎರಡು ಸಲ ಕುಲುಕಿದೆ.
ಒಳಗೆ ಗುಳುಗುಳು.
ನಳಿಕೆ ಒತ್ತಿದೆ:
ಇನ್ನೂ ಅರ್ಧ ಲೀಟರು
ಸದ್ದಿಲ್ಲದೆ ಇಳಿಯಿತು.
ನಮ್ಮಿಬ್ಬರ ನಡುವಿನ ಅಂತರ
ಅಷ್ಟೂ ಇರಲಿಲ್ಲ.

'ಹಾಗಾದರೆ ಗೆದ್ದವರು ಯಾರು?'
ಬಂಕಿನ ಹುಡುಗಿ ಐಜಾರ್ಕಿನ್, ಕೈಗವಸು ಕಚ್ಚಿ ಕಳಚುತ್ತ.
ಒಂದು ಸಲಕ್ಕೆ ತಿಳಿಯದು, ಅಂದೆ.
ಹತ್ತು ಸಲ ತುಂಬಿ, ಹತ್ತು ಸಲ ಬರಿದಾದರೆ
ಅರ್ಧ ಲೀಟರಿನ ಅನುಮಾನ
ಅಷ್ಟರಲ್ಲೂ ಹಂಚಿಕೊಂಡು ತೆಳ್ಳಗಾಗುತ್ತದೆ.
ಪೂರ್ತಿ ಹೋಗುವುದಿಲ್ಲ.

ಕೆಂಜೆಬೆಕ್ ನೋಟುಪುಸ್ತಕದಲ್ಲಿ ಒಂದು ಎಂದು ಬರೆದ,
ಕೆಳಗೆ ಒಂಬತ್ತು ಖಾಲಿ ಗೆರೆ ಎಳೆದ.
ನಾನು ಮೂಟೆ ಇಳಿಸಲು ಬಗ್ಗಿದರೆ
ಬೇಡ, ಅವೂ ಲೆಕ್ಕದಲ್ಲಿವೆ, ಎಂದು ತಡೆದ.
ಅರ್ಧ ದಾರಿಯಲ್ಲಿ, ತಿರುವಿಗೆ ಮುಂಚೆ,
ನನ್ನ ಕಾಲು ತಾನಾಗಿ ಎದ್ದದ್ದನ್ನು ನೋಡಿಯೂ ನೋಡದವನಂತೆ
ಕೇಳಿದ:
'ಮೊಳಕೆ ಬಂದರೆ ತೂಕ ಬದಲಾಗುತ್ತಾ, ಅತ್ತಿಗೆ?'