ನಾಲ್ಕನೆಯದು

ಕೊಟ್ಕಾ ಬಂದರಿನಲ್ಲಿ ಕ್ರೇನು ನಡೆಸುವವನು ನಾನು.
ದಿನವಿಡೀ ಯಾರದೋ ಭಾರವನ್ನೆತ್ತಿ
ಯಾರದೋ ಹಡಗಿನಲ್ಲಿಳಿಸುತ್ತೇನೆ.
ನನ್ನದೆಂಬ ಭಾರ ಮೂರೇ,
ಮೂರು ಆಂಪು.
ನಮ್ಮ ಕಟ್ಟಡದಡಿ, ಯುದ್ಧ ಬಂದರೆ ಇರಲಿ ಎಂದು ಕಟ್ಟಿದ
ಕಾಂಕ್ರೀಟಿನ ನೆಲಮಾಳಿಗೆಯಲ್ಲಿ
ಸೈಕಲ್ಲು, ಹಳೇ ಸ್ಕೀಗಳ ಪಕ್ಕ ಕೂತಿವೆ.

ಯುದ್ಧ ಬಂದಿಲ್ಲ. ಗುರುವಾರ ಬರುತ್ತದೆ.
ನಾವು ನಾಲ್ವರು ಆ ಉಕ್ಕಿನ ಬಾಗಿಲೆಳೆದುಕೊಂಡು
ಹತ್ತೂವರೆಯವರೆಗೆ ಬಾರಿಸುತ್ತೇವೆ.
ಇಪ್ಪತ್ತಾರು ವರ್ಷ, ಹನ್ನೊಂದು ಕಾರ್ಯಕ್ರಮ,
ಅದರಲ್ಲೊಂದು ನಮ್ಮ ಡ್ರಮ್ಮಿನವನ ಮದುವೆ.

ಮೊದಲನೆಯದು ಗುಡುಗುತ್ತದೆ, ಕಚ್ಚುವುದಿಲ್ಲ.
ಎರಡನೆಯದು ಕಚ್ಚುತ್ತದೆ, ಕಚ್ಚಿದ್ದನ್ನು ಬಿಡುವುದಿಲ್ಲ.
ಮೂರನೆಯದು ಲೆಕ್ಕಕ್ಕುಂಟು, ಆಟಕ್ಕಿಲ್ಲ.
ವಾಲ್ವು ಸುಟ್ಟು ಎರಡು ಚಳಿಗಾಲವಾಯಿತು.

ಹೀಗಿರುವಾಗ ಹಾಮಿನಾದ ತೌನೊ
ತನ್ನದನ್ನು ಮಾರುತ್ತಾನಂತೆ ಎಂಬ ಸುದ್ದಿ.
ಒಂಬೈನೂರು ಯೂರೋ.
ನನ್ನ ಹತ್ತಿರ ಒಂಬೈನೂರು ಯೂರೋ ಇತ್ತು.
ಅದಕ್ಕೊಂದು ಹೆಸರೂ ಇತ್ತು: ಟೈರು.
ಮಂಜುಗಡ್ಡೆ ಕಚ್ಚುವ ಮೊಳೆಯ ಟೈರು, ನಾಲ್ಕು.

"ಕೊಂಡರೆ ಕೊಳ್ಳು," ಅಂದಳು ಔತಿ,
"ವ್ಯತ್ಯಾಸವೇನು ಅನ್ನುವುದು ನನ್ನ ಕಿವಿಗೂ ಗೊತ್ತಾಗಲಿ."
ಫೋನಿನಲ್ಲಿ ಮೂರು ತುಣುಕು ಹಾಕಿದೆ,
ನನ್ನವೆರಡು, ತೌನೊ ಕಳಿಸಿದ್ದೊಂದು,
ಯಾವುದು ಯಾವುದೆಂದು ಹೇಳದೆ.
ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಲೇ ಕೇಳಿದಳು.
"ಇದು ಫ್ರಿಜ್ಜು.
ಇದು ಅದೇ ಫ್ರಿಜ್ಜು, ಬಾಗಿಲು ತೆಗೆದಿದೆ.
ಇದು..." ಎಣ್ಣೆಯ ತೊಟ್ಟೊಂದು ನೆಲಕ್ಕೆ ಬಿತ್ತು,
"ಇದೂ ಫ್ರಿಜ್ಜೇ. ಆದರೆ ಒಳಗೆ ಯಾರೋ ಇದ್ದಾರೆ.
ಇದೇ ಇರಬೇಕು. ಕೊಳ್ಳು ಹಾಗಾದರೆ."

ಒಳಗೆ ಯಾರೋ ಇದ್ದದ್ದು ನನ್ನ ಮೊದಲನೆಯದರಲ್ಲಿ.
ಅದನ್ನು ನಾನವಳಿಗೆ ಹೇಳಲಿಲ್ಲ.

ಗೇನ್ ಅಂತ ಒಂದು ಗುಂಡಿ ಇರುತ್ತದೆ.
ಆ ಇಂಗ್ಲಿಷ್ ಪದಕ್ಕೆ ಲಾಭ ಅಂತಲೂ ಅರ್ಥವಂತೆ.
ಮೂವತ್ತರಲ್ಲಿ ಹತ್ತಕ್ಕೆ ತಿರುಗಿಸಿ ನಿಲ್ಲಿಸುತ್ತಿದ್ದೆ,
ಈಗ ಐವತ್ತಮೂರು, ಆರೂವರೆ ಸಾಕು.
ಮಿಕ್ಕ ಮೂರೂವರೆಯನ್ನು ಎಡಗಿವಿ ತಾನೇ ಸೇರಿಸಿಕೊಳ್ಳುತ್ತದೆ,
ಯಾರೂ ಬಾರಿಸದಾಗಲೂ,
ನಡುರಾತ್ರಿಯಲ್ಲೂ.

ನೋಡಿ ಬರುತ್ತೇನೆ ಅಷ್ಟೇ, ಎಂದು ಹೊರಟೆ.

ತೌನೊನ ಗ್ಯಾರೇಜು. ಬಿರ್ಚ್ ಸೌದೆಯ ವಾಸನೆ.
ಆಂಪಿನ ಪ್ರತಿ ಗುಂಡಿಯ ಪಕ್ಕ
ಕೆಂಪು ಉಗುರುಬಣ್ಣದ ಒಂದೊಂದು ಚುಕ್ಕೆ.
"ಕತ್ತಲ ವೇದಿಕೆಯಲ್ಲಿ ಕಾಣಲಿ ಅಂತ.
ಬೇಡವಾದರೆ ಅಸಿಟೋನ್ ಹಾಕಿ ಒರೆಸಿಕೋ."
ಬೆರಳು ತೋರಿಸಿದ. ಬೆರಳು ಒಂದೆಡೆ ನಿಲ್ಲಲಿಲ್ಲ.
ಇನ್ನೊಂದು ಕೈಯಿಂದ ಅದನ್ನು ಹಿಡಿದುಕೊಂಡ.
ನಾನು ನೋಡಲಿಲ್ಲ, ಅಂದರೆ ನೋಡಿದೆ,
ವಾಲ್ವು ಯಾವ ವರ್ಷದ್ದು ಅಂತ ಕೇಳಿದೆ.

ಗುಂಡಿಗಳನ್ನೆಲ್ಲ ಅವನ ಚುಕ್ಕೆಗೆ ತಂದು
ಸ್ವಿಚ್ಚು ಹಾಕಿದೆ.
ಗಿಟಾರು ಇನ್ನೂ ಚೀಲದಲ್ಲೇ ಇತ್ತು,
ನಾನಿನ್ನೂ ಏನೂ ಕೇಳಿರಲಿಲ್ಲ,
ಅದಾಗಲೇ ಹೂಂ ಅನ್ನುತ್ತಿತ್ತು.
ತೌನೊ ಗೋಡೆಗೊರಗಿ ಕಣ್ಣು ಮುಚ್ಚಿದ.
ಚೌಕಾಸಿಗೆಂದು ಕಲಿತು ಬಂದಿದ್ದ ಮಾತೆಲ್ಲ ಮರೆತುಹೋಯಿತು.

ದಾರಿಯಲ್ಲಿ ಹಿಮಮಳೆ. ಸವೆದ ಟೈರು.
ಅರವತ್ತರ ಮೇಲೆ ಹೋಗದೆ ಬಲಕ್ಕಂಟಿ ಬರುತ್ತಿದ್ದೆ,
ಲಾರಿಗಳು ಕೆಸರೆರಚಿ ದಾಟಿ ಹೋಗುತ್ತಿದ್ದವು.
ಕಾರು ಕೀಂ ಕೀಂ ಅಂತ ಒಂದೇ ಸಮನೆ ಕೂಗುತ್ತಿತ್ತು.
ಎಡಗಿವಿಯದೇ ಇರಬೇಕು ಅಂದುಕೊಂಡೆ ಮೊದಲು.
ಅಲ್ಲ. ಪಕ್ಕದ ಸೀಟಿನಲ್ಲಿ ಇಪ್ಪತ್ತಮೂರು ಕಿಲೋ,
ಕಾರಿನ ಪಾಲಿಗೆ ಅಲ್ಲೊಬ್ಬ ಮನುಷ್ಯ ಕೂತಿದ್ದಾನೆ.
ಬಸ್ ನಿಲ್ಲುವಲ್ಲಿ ನಿಲ್ಲಿಸಿ ಬೆಲ್ಟು ಹಾಕಿದೆ.
ಸುಮ್ಮನಾಯಿತು.

ಔತಿಗೆ ಏನು ಹೇಳಬೇಕೆಂದು
ಅಲ್ಲಿಂದ ಕೊಟ್ಕಾವರೆಗೆ ಜೋಡಿಸಿಕೊಂಡು ಬಂದೆ:
ಮೂರನೆಯದನ್ನು ಮಾರುತ್ತೇನೆ.
ವಾಲ್ವು ಹಾಕಿಸಿ.